ಅಡ್ಡ ಓಡಿದ ಬೆರಳು

ಜಪಾನೀ ಭಾಷೆಯನ್ನು ನಾನು ಕಲಿತದ್ದು ಒಂದೇ ಮಧ್ಯಾಹ್ನದಲ್ಲಿ. ಪೂರ್ತಿ ಮಧ್ಯಾಹ್ನವೂ ಬೇಕಾಗಲಿಲ್ಲ. ಅನ್ನಕ್ಕೆ ಕುಕ್ಕರ್ ಇಟ್ಟಾಗ ಶುರು ಮಾಡಿದ್ದೆ, ಮೂರನೆಯ ಸೀಟಿಗೆ ಮುಗಿದಿತ್ತು. ಅವರದ್ದು ಸಾವಿರಾರು ಅಕ್ಷರಗಳಂತೆ, ಕಲಿಯಲು ಜನ ಅರ್ಧ ಆಯುಷ್ಯ ಸವೆಸುತ್ತಾರಂತೆ. ಸವೆಸಲಿ. ನಾನು ಅಷ್ಟನ್ನೂ ಕಲಿತ ಮೇಲೂ ಹಸಿವು ತೀರದೆ, ಅವರಲ್ಲಿ ಇಲ್ಲದ ಒಂದೆರಡು ಅಕ್ಷರಗಳನ್ನೂ ಕಲಿತೆ.

ನೀವು ನಗುತ್ತೀರಿ. ನನ್ನ ಹೆಂಡತಿ ಲುಬ್ನಾ ನಗುವುದೂ ಇಲ್ಲ. ಹದಿನೆಂಟು ವರ್ಷ ನನ್ನ ಜೊತೆ ಬಾಳಿದ ಮೇಲೆ ಅವಳಲ್ಲಿ ನಗುವ ಶಕ್ತಿ ಉಳಿದಿಲ್ಲ. ನಾನು ಸವಣೂರಿನವನು, ಹೆಸರು ಯೂನುಸ್. ನಮ್ಮೂರಿನ ದೊಡ್ಡಹುಣಸೆ ಮರದ ಬೊಡ್ಡೆಯನ್ನು ತಬ್ಬಬೇಕಾದರೆ ಹತ್ತಾರು ಜನ ಕೈ ಕೈ ಹಿಡಿದು ನಿಲ್ಲಬೇಕು. ನಾನು ಹೇಳುವಾಗ ಇಡೀ ತಾಲೂಕು ನಿಲ್ಲುತ್ತದೆ. ಅಂಥ ಮರದ ನೆರಳಲ್ಲಿ ಬೆಳೆದವನು ಸಣ್ಣ ಮಾತನ್ನು ಎಲ್ಲಿಂದ ತರಲಿ? ಈಗ ಮಲೇಷ್ಯಾದ ಸೈಬರ್‌ಜಯಾದಲ್ಲಿ, ಕಂಪ್ಯೂಟರುಗಳನ್ನು ಗೋಡೌನಿನಂತೆ ಪೇರಿಸಿಟ್ಟ ಕಟ್ಟಡವೊಂದನ್ನು ತಣ್ಣಗಿಡುವ ಇಂಜಿನಿಯರು. ನಾನೊಂದು ಗುಂಡಿ ಒತ್ತಿದರೆ ಅರ್ಧ ಏಷ್ಯಾ ಮೊಬೈಲು ಹಿಡಿದುಕೊಂಡು ಬೆವರುತ್ತದೆ ಎಂದು ಹೇಳಿಕೊಂಡು ತಿರುಗುತ್ತೇನೆ. ಯಾವ ಗುಂಡಿ ಎಂದು ಈವರೆಗೆ ಯಾರೂ ಕೇಳಿಲ್ಲ.

ಆದರೆ ಈ ಜಪಾನೀ ವಿಷಯದಲ್ಲಿ ಮೊದಲ ತಪ್ಪು ನನ್ನದಲ್ಲ, ಪುಸ್ತಕದ್ದು.

ಕೌಲಾಲಂಪುರದ ಕನ್ನಡದವರು ನಾವೊಂದಿಷ್ಟು ಜನ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಆ ಸಲ ಮಾಂಟ್ ಕಿಯಾರಾದಲ್ಲಿ ನವ್ಯಾಳ ಮನೆ. ನವ್ಯಾಳ ತಾಯಿ ಹೊನ್ನಮ್ಮ ಮಳವಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಡ್ರಾಯಿಂಗ್ ಟೀಚರಾಗಿದ್ದವರು. ಮೂರು ವರ್ಷದಿಂದ ಮಗಳ ಜೊತೆ ಇಲ್ಲೇ ಇದ್ದಾರೆ. ಉಪ್ಪಿಟ್ಟು ಮುಗಿದ ಮೇಲೆ ಅವರು ಒಳಗಿನಿಂದ ಒಂದು ಪುಸ್ತಕ ತಂದು ನಮ್ಮೆಲ್ಲರ ನಡುವೆ ಇಟ್ಟರು. ಜಪಾನೀ ಪುಸ್ತಕ. ಕೆಳಗಿನ ಮಹಡಿಯಲ್ಲಿದ್ದ ತತ್ಸುನೋ ಎಂಬ ವಯಸ್ಸಾದ ಹೆಂಗಸು ತನ್ನ ದೇಶಕ್ಕೆ ಮರಳುವಾಗ ಕೊಟ್ಟು ಹೋದದ್ದು. ಇವರಿಬ್ಬರೂ ಎರಡು ವರ್ಷ, ದಿನಾ ಬೆಳಿಗ್ಗೆ, ಈಜುಕೊಳದ ಪಕ್ಕದ ಬೆಂಚಿನ ಮೇಲೆ ಬಣ್ಣದ ಪೆಟ್ಟಿಗೆ ಬಿಚ್ಚಿಟ್ಟುಕೊಂಡು ಕೂರುತ್ತಿದ್ದರು. ಆ ಬೆಂಚಿನ ಮೇಲೆ ಹುಟ್ಟಿದ ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ಸಿಂಗಪುರ ಮುಟ್ಟುತ್ತದೆ ಎಂದು ನಾನೇ ಎಷ್ಟೋ ಕಡೆ ಹೇಳಿದ್ದೆ, ಒಂದನ್ನೂ ನೋಡದೆ. ಇವರಿಗೆ ಜಪಾನೀ ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರ ಇಂಗ್ಲಿಷನ್ನು ಕೂಡಿಸಿದರೂ ಒಂದು ವಾಕ್ಯವಾಗದು. ಆದರೂ ಹೊರಡುವ ದಿನ ಲಿಫ್ಟಿನ ಮುಂದೆ ನಿಂತು ಇಬ್ಬರೂ ಅತ್ತರಂತೆ.

ಪುಸ್ತಕ ಒಬ್ಬ ಚಿತ್ರಕಾರನ ಕಾದಂಬರಿ. ಪಟ್ಟಣದ ಗಲಾಟೆ ಸಾಕಾಗಿ, ಚಿತ್ರ ಬರೆಯುತ್ತೇನೆಂದು ಬೆಟ್ಟದ ಮೇಲಿನ ಒಂದು ವಸತಿಗೃಹಕ್ಕೆ ಹೋಗಿ, ಅಲ್ಲಿ ಕಲೆ ಎಂದರೇನು ಎಂದು ಯೋಚಿಸುತ್ತ ಕೂರುವವನ ಕಥೆ. ಇಷ್ಟನ್ನು ತತ್ಸುನೋ ಅವರು ಕೈಸನ್ನೆಯಲ್ಲೇ ತಿಳಿಸಿ ಹೋಗಿದ್ದರು. ನಡುವೆ ಒಂದು ಪುಟದ ಮೂಲೆ ಮಡಚಿತ್ತು. ಅಲ್ಲಿ ಒಂದು ಸಾಲಿಗೆ ಪೆನ್ಸಿಲಿನ ಗೆರೆ, ಗೆರೆಯ ಪಕ್ಕ ಖಾಲಿ ಜಾಗದಲ್ಲಿ ಪೆನ್ಸಿಲಿನದೇ ಒಂದಿಷ್ಟು ಅಕ್ಷರ.

ಅದೇನೆಂದು ಹೊನ್ನಮ್ಮನವರಿಗೆ ತಿಳಿಯಬೇಕಿತ್ತು. ನವ್ಯಾ ಮೊಬೈಲಿನಲ್ಲಿ ಫೋಟೋ ಹೊಡೆದು ನೋಡಿದ್ದಳು. ಕುದುರೆಯ ಹೊಟ್ಟೆಯಲ್ಲಿ ಪರ್ವತ ಚಹಾ ಕುಡಿಯಿತು ಎಂದು ಅದು ಅನುವಾದ ಮಾಡಿತ್ತು. ಮಾಂಟ್ ಕಿಯಾರಾದಲ್ಲಿ ಜಪಾನಿನವರಿಗೇನು ಬರ, ಯಾರನ್ನಾದರೂ ಕೇಳೋಣ ಎಂದರೆ ತಾಯಿ ಸುತರಾಂ ಒಪ್ಪಿರಲಿಲ್ಲ. ಗೆಳತಿ ತನಗೊಬ್ಬಳಿಗೇ ಬರೆದದ್ದನ್ನು ಗುರುತಿಲ್ಲದವರ ಕೈಗೆ ಕೊಡುವುದೇ? ಓದಿದರೆ ನಮ್ಮವರೇ ಯಾರಾದರೂ ಓದಿ ಕನ್ನಡದಲ್ಲಿ ಹೇಳಬೇಕು.

ಪುಸ್ತಕ ಕೈಯಿಂದ ಕೈಗೆ ಹೋಯಿತು. ಬಾಂಗ್ಸಾರಿನ ತಿಮ್ಮಯ್ಯ, ಎಲ್ಲದಕ್ಕೂ ಅಡ್ಡ ಪ್ರಶ್ನೆ ಹಾಕುವ ಮನುಷ್ಯ, ಎಡಗಡೆಯ ರಟ್ಟು ತೆರೆದು ಇದೇನು ಕೊನೆಯೇ ಮೊದಲು ಬಂದಿದೆ ಎಂದು ಗೊಣಗಿದ. ಉಳಿದವರೂ ಎಡದಿಂದಲೇ ತೆರೆದು ಕಣ್ಣು ಬಿಟ್ಟರು. ಕಡೆಗೆ ನನ್ನ ಕೈಗೆ ಬಂತು. ನನ್ನ ಕೈ ನನ್ನನ್ನು ಒಂದು ಮಾತೂ ಕೇಳದೆ ಪುಸ್ತಕವನ್ನು ಮಗುಚಿ ಹಾಕಿ, ಬಲಗಡೆಯಿಂದ ತೆರೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟಿತು. ಯಾಕೆಂದರೆ ಸವಣೂರಿನ ಮದರಸಾದಲ್ಲಿ ನಾನು ಉರ್ದು ಕಲಿತದ್ದು ಹಾಗೆಯೇ. ಪುಸ್ತಕ ಬಲದಿಂದ ತೆರೆಯಬೇಕು, ಓದುವ ಪದದ ಕೆಳಗೆ ಬೆರಳು ಇರಬೇಕು. ಬೆರಳು ಎತ್ತಿದರೆ ಉಸ್ತಾದರ ಕೋಲು. ಐವತ್ತರ ಹತ್ತಿರ ಬಂದರೂ ಅಡುಗೆಯ ಪುಸ್ತಕವನ್ನೂ ನಾನು ಬಲಗಡೆಯಿಂದಲೇ ತೆರೆಯುತ್ತೇನೆ.

ಜಪಾನೀ ಪುಸ್ತಕವೂ ಬಲದಿಂದಲೇ ತೆರೆಯುತ್ತದಂತೆ. ನನಗೇನು ಗೊತ್ತಿತ್ತು?

“ಅರೆ, ಇವ್ನಿಗೆ ಗೊತ್ತು ಕಣ್ರೀ,” ಎಂದ ತಿಮ್ಮಯ್ಯ.

ಹೊನ್ನಮ್ಮನವರ ಮುಖ ನೋಡಬೇಕಿತ್ತು. ಕರೆಂಟು ಹೋದ ಮನೆಗೆ ಕರೆಂಟು ಬಂದಂತೆ. “ನಿಂಗೆ ಜಪಾನಿ ಬರ್ತದೇನಪ್ಪ?” ಎಂದು ಕೇಳಿದರು.

ಇಲ್ಲ ಎಂದಿದ್ದರೆ ಮುಗಿದಿತ್ತು. ಎರಡಕ್ಷರ. ಆದರೆ ಬೆಳಗಿದ ಮುಖವನ್ನು ಆರಿಸುವ ಎರಡಕ್ಷರ ನನ್ನ ಬಾಯಲ್ಲಿ ಯಾವತ್ತೂ ಸಿಕ್ಕಿದ್ದಿಲ್ಲ. ಸ್ವಲ್ಪ ಬರುತ್ತದೆ ಎಂದೆ. ಆಮೇಲೆ ಆ ಸ್ವಲ್ಪ ತಾನೇ ಬೆಳೆಯಿತು: ಜಪಾನಿನ ಕಂಪನಿಯಲ್ಲಿ ಆರು ತಿಂಗಳಿದ್ದೆ, ಅವರ ಮ್ಯಾನೇಜರು ನನ್ನ ಉಚ್ಚಾರ ಕೇಳಿ ಕಣ್ಣೀರು ಹಾಕಿದ, ಇತ್ಯಾದಿ. ನಿಜ ಸಂಗತಿ, ಜಪಾನಿನಲ್ಲಿ ತಯಾರಾದ ಒಂದು ಕಂಪ್ರೆಸರನ್ನು ನಾನು ಆರು ತಿಂಗಳು ರಿಪೇರಿ ಮಾಡಿದ್ದೆ. ಅದೂ ಸರಿಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಲುಬ್ನಾ ತಟ್ಟೆ ಹಿಡಿದುಕೊಂಡು ನಿಂತು ನನ್ನನ್ನೇ ನೋಡುತ್ತಿದ್ದಳು.

ಹಾಗಾದರೆ ಆ ಪುಟ ಓದು ಎಂದರು ಹೊನ್ನಮ್ಮ. ನಾನು ತಪ್ಪಿಸಿಕೊಳ್ಳಲು, ನಡುವಿನ ಪುಟಕ್ಕೆ ಮೊದಲಿನ ಪುಟಗಳಿಲ್ಲದೆ ಅರ್ಥವಿಲ್ಲ, ಮೊದಲಿನಿಂದ ಓದಿಕೊಂಡು ಬರಬೇಕು ಎಂದೆ. ಅವರಿಗೆ ಬೇಸರವಾಗಿ ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಸರಿ, ಶನಿವಾರ ಶನಿವಾರ ಬಾ ಎಂದುಬಿಟ್ಟರು.

ಆಗ ನವ್ಯಾ ನನ್ನನ್ನು ಬಾಲ್ಕನಿಗೆ ಕರೆದು ಉಳಿದದ್ದನ್ನು ಹೇಳಿದಳು. ತತ್ಸುನೋ ಅವರು ಊರಿಗೆ ಹೋದ ಮೇಲೆ ಹಾಸಿಗೆ ಹಿಡಿದಿದ್ದಾರೆ. ನವ್ಯಾಳ ಆಫೀಸಿನವರೊಬ್ಬರು ಮುಂದಿನ ತಿಂಗಳ ಕೊನೆಗೆ ಒಸಾಕಾಕ್ಕೆ ಹೋಗುತ್ತಿದ್ದು, ಅವರ ಕೈಯಲ್ಲಿ ಒಂದು ಚಿತ್ರ ಕಳಿಸಬೇಕೆಂದು ಅಮ್ಮನ ಆಸೆ. ಆದರೆ ಐದು ವರ್ಷದ ಹಿಂದೆ ಲಕ್ವ ಹೊಡೆದು ಅಮ್ಮನ ಬಲಗೈ ನಡುಗುತ್ತದೆ. ಮಳವಳ್ಳಿಯಲ್ಲಿ ಬೋರ್ಡಿನ ಮೇಲೆ ಒಂದೇ ಬೀಸಿಗೆ ವೃತ್ತ ಎಳೆಯುತ್ತಿದ್ದ ಕೈ ಅದು. ಕೈವಾರ ಇಟ್ಟು ನೋಡಿದರೂ ಕೂದಲೆಳೆ ಆಚೀಚೆ ಇರುತ್ತಿರಲಿಲ್ಲವಂತೆ. ಇದನ್ನು ಹೇಳಿದ್ದು ನವ್ಯಾ, ನಾನಲ್ಲ, ಹಾಗಾಗಿ ನಂಬಬಹುದು.

ನಾವು ಒಳಗೆ ಬಂದಾಗ ಹೊನ್ನಮ್ಮನವರೇ ಹೇಳಿದರು: “ಏನ್ ಬರೀಬೇಕು ಅಂತ ಅವ್ಳು ಆ ಪುಟ್ದಲ್ಲಿ ಹೇಳಿರ್ತಾಳೆ. ಅದು ತಿಳಿಯೋಗಂಟ ನಾನು ಡ್ರಾಯಿಂಗ್ ಕಾಗ್ದ ಮುಟ್ಟಲ್ಲ.”

ಐದು ಶನಿವಾರ. ಆ ಐದು ಶನಿವಾರಗಳು ನನ್ನ ಆಯುಷ್ಯದಲ್ಲಿ ಐವತ್ತು ವರ್ಷ ತಿಂದವು. ಸೈಬರ್‌ಜಯಾದಿಂದ ಮಾಂಟ್ ಕಿಯಾರಾಕ್ಕೆ ಹೋಗಬೇಕು. ರಜೆಯ ದಿನ ಇಷ್ಟೊಂದು ಕಾರುಗಳು ಎಲ್ಲಿಗೆ ಹೋಗುತ್ತವೆ ಎಂದು ಯಾರಾದರೂ ನನಗೆ ಹೇಳಬೇಕು. ಗೇಟಿನ ಕಾವಲುಗಾರ ಪ್ರತಿ ವಾರ ನನ್ನನ್ನು ಜೀವಮಾನದಲ್ಲೇ ಮೊದಲ ಸಲ ನೋಡುವವನಂತೆ ನೋಡಿ, ಲೈಸೆನ್ಸು ಇಸಿದುಕೊಂಡು, ಯಾವ ಬ್ಲಾಕು, ಯಾವ ಮಹಡಿ, ಏನು ಕೆಲಸ ಎಂದು ಕೇಳುತ್ತಿದ್ದ. ಜಪಾನೀ ಓದಲು ಎಂದರೆ ತಲೆಯಿಂದ ಕಾಲವರೆಗೆ ನೋಡಿ, ಒಂದು ನಿಟ್ಟುಸಿರು ಬಿಟ್ಟು, ‘ಕ್ಯಾನ್ ಲಾ’, ಆಯಿತು ಹೋಗು, ಎಂದು ಗೇಟಿನ ಅಡ್ಡಗಂಬ ಎತ್ತುತ್ತಿದ್ದ.

ಒಳಗೆ ಹೊನ್ನಮ್ಮ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕಾದಿರುತ್ತಿದ್ದರು. ತೊಡೆಯ ಮೇಲೆ ಗೆರೆ ಹಾಕಿದ ಒಂದು ಹಳೇ ನೋಟ್‌ಬುಕ್ಕು, ಕೈಯಲ್ಲಿ ಪೆನ್ಸಿಲು. ಇದನ್ನು ನೋಡಿಯೇ ನನ್ನ ಎದೆ ಒಡೆಯಿತು. ಈಯಮ್ಮ ನಾನು ಹೇಳಿದ್ದನ್ನೆಲ್ಲ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರೆ! ಬರೆದಿಟ್ಟುಕೊಳ್ಳುವವರಿಗೆ ಸುಳ್ಳು ಹೇಳುವುದು ಎಷ್ಟು ಕಷ್ಟ ಎಂದು ಸುಳ್ಳು ಹೇಳದವರಿಗೆ ತಿಳಿಯುವುದಿಲ್ಲ.

ನಾನು ಪುಸ್ತಕ ಬಲದಿಂದ ತೆರೆದು, ಗಂಟಲು ಸರಿಮಾಡಿಕೊಂಡು, ಸಾಲಿನ ಕೆಳಗೆ ಬೆರಳು ಓಡಿಸುತ್ತ ಓದುತ್ತಿದ್ದೆ. ನನ್ನ ಚಿತ್ರಕಾರ ಆರೂವರೆ ಅಡಿ ಎತ್ತರ. ಅವನು ಬೆಟ್ಟ ಹತ್ತುವಾಗ ಬಣ್ಣದ ಪೆಟ್ಟಿಗೆ ಹೊರಲು ಎರಡು ಎತ್ತು ಬೇಕು. ಅವನ ಕುಂಚ ನೋಡಿ ನವಿಲುಗಳು ನಾಚಿ ಮರ ಹತ್ತುತ್ತವೆ. ಇಷ್ಟು ಹೇಳಿದರೆ ಯಾರಿಗೆ ಸಾಲದು? ಹೊನ್ನಮ್ಮನವರಿಗೆ ಸಾಲದು. ಅವರಿಗೆ ನವಿಲು ಬೇಡ, ಎತ್ತು ಬೇಡ. ಬೆಳಗಿನ ಬೆಟ್ಟಕ್ಕೆ ಅವನು ಮೊದಲು ಯಾವ ಬಣ್ಣ ಹಚ್ಚಿದ ಎಂದು ಕೇಳಿದರು. ಹಸಿರು ಎಂದೆ.

“ಹಸಿರಾ? ದೂರದ್ ಬೆಟ್ಟ ನೀಲಿ ಕಾಣ್ತದಲ್ವೇನಪ್ಪ?”

“ಜಪಾನಿನ್ಯಾಗ ಹಸಿರ ಇರ್ತದ್ರಿ ಮೇಡಂ.”

“ಹೌದಾ. ಇನ್ನೊಂದ್ಸಲಿ ಓದು.”

ಇನ್ನೊಂದು ಸಲ! ಮೊದಲ ಸಲ ಓದಿದ್ದು ಏನೆಂದು ನನಗೆ ನೆನಪಿದ್ದರೆ ತಾನೇ ಇನ್ನೊಂದು ಸಲ ಓದುವುದು? ಮೂರನೆಯ ವಾರ ವಸತಿಗೃಹಕ್ಕೆ ಹದಿಮೂರು ಮೆಟ್ಟಿಲು ಎಂದೆ. ಹೋದ ವಾರ ಹನ್ನೊಂದು ಅಂದಿದ್ದೆಯಲ್ಲ ಎಂದರು. ನಡುವೆ ಎರಡು ಕಟ್ಟಿಸಿದರು ಎಂದೆ. ಯಾರು ಕಟ್ಟಿಸಿದರು, ಕಲ್ಲಿನವೋ ಮರದವೋ, ನೆರಳು ಯಾವ ಕಡೆ ಬೀಳುತ್ತಿತ್ತು ಎಂದು ಕೇಳಿದರು. ನನ್ನ ತಲೆ ಚಿಟ್ಟು ಹಿಡಿಯಿತು. ಒಬ್ಬ ಚಿತ್ರಕಾರ ಬೆಟ್ಟಕ್ಕೆ ಹೋದ, ಚಿತ್ರ ಬರೆದ, ಇಳಿದು ಬಂದ ಎಂದು ಒಪ್ಪಿಕೊಂಡರೆ ಜನಕ್ಕೆ ಏನು ನಷ್ಟ? ಕಲೆಯ ಬಗ್ಗೆ ಅವನ ಅಭಿಪ್ರಾಯವೇನು ಎಂದು ನಾಲ್ಕನೆಯ ವಾರ ಕೇಳಿದಾಗ, ಕಲೆ ಎಂದರೆ ತಂಪು, ಯಂತ್ರ ನಿಂತರೆ ಎಲ್ಲ ಬಿಸಿಯಾಗುತ್ತದೆ ಎಂದು ನನ್ನ ಕಸುಬನ್ನೇ ಅವನ ಬಾಯಿಗೆ ತುರುಕಿದೆ. ಅವರು ತಲೆ ಅಲ್ಲಾಡಿಸಿ ಪೆನ್ಸಿಲು ಓಡಿಸಿದರು. ಬೈಯಲಿಲ್ಲ, ನಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವಾಪಸು ಬರುವಾಗ ಕಾರಿನಲ್ಲಿ ಲುಬ್ನಾಳ ಒಂದೇ ಪಾಠ. “ಅವ್ರಿಗೆ ಖರೇ ಹೇಳಿಬಿಡ್ರಿ. ಪಾಪ, ಶನಿವಾರದ ದಾರಿ ಕಾಯ್ಕೋತ ಕುಂತಿರ್ತಾರ.”

ಮುಂದಿನ ವಾರ ಹೇಳುತ್ತೇನೆ ಎನ್ನುತ್ತಿದ್ದೆ. ಒಂದು ವಾರ ಹೇಳಲೆಂದೇ ಹೋಗಿದ್ದೆ. ಆವತ್ತು ಆಕೆ ನನಗೆಂದು ರಾಗಿ ರೊಟ್ಟಿ ಮಾಡಿಸಿದ್ದರು. ರೊಟ್ಟಿ ತಿಂದು ಅಂಥ ಮಾತು ಹೇಳುವುದು ಹೇಗೆ?

ಐದನೆಯ ವಾರ ಮಡಚಿದ ಮೂಲೆ ಬಂದೇ ಬಂತು. ಒಸಾಕಾದ ವಿಮಾನಕ್ಕೆ ಇನ್ನು ಒಂಬತ್ತು ದಿನ. ಹೊನ್ನಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನಾನು ಪುಸ್ತಕ ಮುಚ್ಚಿ, ಬಾಯಿಗೆ ಬಂದದ್ದನ್ನು ಹೇಳಿದೆ. ಈ ಪುಟವನ್ನು ಪೇಟೆಯಲ್ಲಿ ಓದಬಾರದು. ಬೆಟ್ಟದ ಗಾಳಿಯಲ್ಲಿ, ಮಂಜು ನೋಡುತ್ತ ಓದಬೇಕು, ಜಪಾನಿನಲ್ಲಿ ಅದೇ ಪದ್ಧತಿ. ಯಾರಿಗೂ ಪುರುಸೊತ್ತಾಗದು, ಒಂಬತ್ತು ದಿನ ಕಳೆದು ವಿಮಾನ ಹಾರಿಹೋಗುತ್ತದೆ ಎಂದು ನನ್ನ ಲೆಕ್ಕ. ನವ್ಯಾ ಅಲ್ಲೇ ನಿಂತು ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಕ್ಯಾಮರನ್ ಹೈಲ್ಯಾಂಡ್ಸ್ ಎಂಬ ಗಿರಿಧಾಮದಲ್ಲಿ ರೂಮು ಹಿಡಿದಳು. ತನಗೆ ಆಫೀಸು ಕೆಲಸ, ಅಮ್ಮನನ್ನು ನೀವೇ ಕರೆದುಕೊಂಡು ಹೋಗಿ ಬನ್ನಿ ಯೂನುಸ್ ಭಾಯ್ ಎಂದಳು. ಹೋಗಲಿ ಎಂದು ಸಮಾಧಾನ ಮಾಡಿಕೊಂಡೆ. ಮಾಂಟ್ ಕಿಯಾರಾದಲ್ಲಿ ಹೆಜ್ಜೆಗೊಬ್ಬರು ಜಪಾನಿನವರು. ಬೆಟ್ಟದ ಮೇಲೆ ಚಹಾ ಗಿಡ ಮತ್ತು ಸ್ಟ್ರಾಬೆರಿ ಬಿಟ್ಟರೆ ಇನ್ನೇನು? ಅಲ್ಲಿ ನನ್ನ ಬಾಯಿ ಕಟ್ಟುವವರು ಯಾರು?

ತಾಪಾ ಎಂಬಲ್ಲಿ ಹೆದ್ದಾರಿ ಬಿಟ್ಟು ಬೆಟ್ಟ ಹತ್ತಬೇಕು. ಅಲ್ಲಿಂದ ಮೇಲಕ್ಕೆ ನಾಲ್ಕು ಸಾವಿರ ತಿರುವು. ಅಷ್ಟಿಲ್ಲ ಎನ್ನುತ್ತಾಳೆ ಲುಬ್ನಾ; ಅವಳು ಕಣ್ಣು ಮುಚ್ಚಿ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದಳು, ಎಣಿಸಿದವನು ನಾನು. ಹೊನ್ನಮ್ಮ ಮಾತ್ರ ಹಿಂದಿನ ಸೀಟಿನಲ್ಲಿ ಕಿಟಕಿ ಇಳಿಸಿಕೊಂಡು, ನೀಲಿ, ನೋಡು, ದೂರದ್ದೆಲ್ಲ ನೀಲಿ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನನಗೆ ಚುಚ್ಚಲೆಂದು ಹೇಳಿದರೋ ಸುಮ್ಮನೆ ಹೇಳಿದರೋ ತಿಳಿಯಲಿಲ್ಲ. ಬೆಟ್ಟದ ಮೇಲಿನ ಬ್ರಿಂಚಾಂಗ್ ಪೇಟೆ ಮುಟ್ಟುವಷ್ಟರಲ್ಲಿ ಇಡೀ ದೇಶ ಸ್ಟ್ರಾಬೆರಿ ತಿನ್ನಲು ಅಲ್ಲಿಗೇ ಬಂದು ನಿಂತಿತ್ತು. ಎರಡು ಕಿಲೋಮೀಟರಿಗೆ ಮೂರು ತಾಸು. ಪಕ್ಕದಲ್ಲಿ ಒಂದು ಬಸವನಹುಳು ನಮ್ಮನ್ನು ಹಿಂದಿಕ್ಕಿ ಹೋದದ್ದನ್ನು ಕಣ್ಣಾರೆ ನೋಡಿದೆ.

ವಸತಿಗೃಹದ ಅಂಗಳಕ್ಕೆ ಕಾರು ತಿರುಗಿಸಿದವನು ಬ್ರೇಕ್ ಮೇಲೆ ಕಾಲಿಟ್ಟು ಹಾಗೇ ಕೂತೆ. ಜಗಲಿಯ ಮೇಲೆ ಏಳು ಜನ ವೃದ್ಧರು, ಬಿಳಿ ಟೋಪಿ, ಕೈಯಲ್ಲಿ ನಡೆಯುವ ಕೋಲು, ಸಣ್ಣ ಬಟ್ಟಲಿನಲ್ಲಿ ಚಹಾ. ಏಳೂ ಜನ ಜಪಾನಿನವರು. ತಂಪು ಹವೆಗೆಂದು ಪ್ರತಿ ವರ್ಷ ಬಂದು ತಿಂಗಳುಗಟ್ಟಲೆ ಇದ್ದು ಹೋಗುತ್ತಾರೆ ಎಂದು ವಸತಿಗೃಹದ ತಮಿಳು ಯಜಮಾನಿ ಹೆಮ್ಮೆಯಿಂದ ಹೇಳಿದಳು. ಜಪಾನಿನಿಂದ ತಪ್ಪಿಸಿಕೊಳ್ಳಲು ಇನ್ನೂರು ಕಿಲೋಮೀಟರ್ ಓಡಿ ನೆಟ್ಟಗೆ ಜಪಾನಿನ ಮಡಿಲಿಗೇ ಬಿದ್ದಿದ್ದೆ.

“ಇಳೀರಿ,” ಎಂದಳು ಲುಬ್ನಾ, ಚೀಲದಿಂದ ಮುಖ ಎತ್ತಿ. “ನಿಮ್ಮ ಮಂದಿ ಕಾಯಾಕತ್ತಾರ.”

ಜ್ವರ ಎಂದು ಹೇಳಿ ಆ ಸಂಜೆಯೆಲ್ಲ ರೂಮಿನಲ್ಲಿ ಕಂಬಳಿ ಹೊದ್ದು ಮಲಗಿದೆ. ನೂರ ಹತ್ತು ಡಿಗ್ರಿ ಜ್ವರ. ಕಿಟಕಿಯಿಂದ ಜಗಲಿ ಕಾಣುತ್ತಿತ್ತು. ಹೊನ್ನಮ್ಮ ಒಂದು ಬೆಂಚಿನಲ್ಲಿ, ಅವರ ಪಕ್ಕ ಅವರಷ್ಟೇ ವಯಸ್ಸಾದ ಒಬ್ಬ ಯಜಮಾನರು. ಇಬ್ಬರೂ ಒಂದು ಮಾತಿಲ್ಲದೆ ಎದುರಿನ ಚಹಾ ಇಳಿಜಾರಿನ ಮೇಲೆ ಮಂಜು ಬರುವುದನ್ನೂ ಹೋಗುವುದನ್ನೂ ನೋಡುತ್ತ ಎರಡು ತಾಸು ಕೂತಿದ್ದರು. ಎರಡು ತಾಸು ಸುಮ್ಮನಿರುವುದು ನನ್ನಿಂದ ಎರಡು ಜನ್ಮಕ್ಕೂ ಆಗದು.

ಬೆಳಿಗ್ಗೆ ಲುಬ್ನಾ ಕಂಬಳಿ ಎಳೆದು ನನ್ನನ್ನು ಎಬ್ಬಿಸಿ ಜಗಲಿಗೆ ನೂಕಿಕೊಂಡೇ ಬಂದಳು. ಹೊನ್ನಮ್ಮ ಅದೇ ಬೆಂಚಿನಲ್ಲಿದ್ದರು, ಪಕ್ಕದಲ್ಲಿ ಅದೇ ಯಜಮಾನರು. ಅವರ ಹೆಸರು ಒಗುರಿ ಎಂದು ಆಮೇಲೆ ತಿಳಿಯಿತು. ಪುಸ್ತಕ ಆಗಲೇ ಒಗುರಿಯವರ ಕೈಯಲ್ಲಿ, ಮಡಚಿದ ಪುಟಕ್ಕೆ ತೆರೆದಿತ್ತು. ಗುರುತಿಲ್ಲದವರಿಗೆ ಕೊಡುವುದಿಲ್ಲ ಎಂದವರು ಕೊಟ್ಟುಬಿಟ್ಟಿದ್ದರು. ಒಗುರಿಯವರು ಓದಿ, ಗಂಟಲೊಳಗೇ ಒಂದಿಷ್ಟು ನಕ್ಕು, ನನ್ನ ಕಡೆ ತಿರುಗಿ ಜಪಾನೀ ಭಾಷೆಯಲ್ಲಿ ಏನೋ ಕೇಳಿದರು. ನಾನು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ. ಮತ್ತೆ ಕೇಳಿದರು. ಮತ್ತೆ ಬಗ್ಗಿದೆ. ಮೂರನೆಯ ಸಲ ಬಗ್ಗಿದಾಗ ಅವರಿಗೆ ಅರ್ಥವಾಯಿತು, ಒಳ್ಳೆಯವರು, ಇಂಗ್ಲಿಷಿಗೆ ಇಳಿದು ಆ ಸಾಲಿನಲ್ಲಿ ಏನಿದೆ, ಪಕ್ಕದ ಪೆನ್ಸಿಲಿನ ಅಕ್ಷರ ಏನೆಂದು ನನಗೆ ಹೇಳಿದರು. ಹೇಳಿ ನನ್ನ ಕೈಗೆ ಪುಸ್ತಕ ಕೊಟ್ಟರು.

ಕೇಳಿ ನನಗೆ ರೇಗಿಹೋಯಿತು. ಇಷ್ಟೇನಾ? ಐದು ವಾರದ ಟ್ರಾಫಿಕ್ಕು, ನಾಲ್ಕು ಸಾವಿರ ತಿರುವು, ಇಷ್ಟಕ್ಕಾ? ಬೆಟ್ಟವೆಂದರೆ ಬೆಟ್ಟದಂಥ ಮಾತನ್ನು ನಾನು ವಾರಗಟ್ಟಲೆ ತಯಾರು ಮಾಡಿಟ್ಟುಕೊಂಡಿದ್ದೆ. ಈ ಸಣ್ಣ ಮಾತನ್ನು ಕೇಳಿ ಈಯಮ್ಮ ಏನು ಬರೆಯುತ್ತಾರೆ, ಆ ಕಡೆ ಹಾಸಿಗೆ ಹಿಡಿದಿರುವವರಿಗೆ ಏನು ಕಳಿಸುತ್ತಾರೆ?

“ಓದಪ್ಪ,” ಎಂದರು ಹೊನ್ನಮ್ಮ. “ಈಗಾದ್ರೂ ಓದು.”

ನಾನು ಮಂಜಿನ ಕಡೆ ಒಮ್ಮೆ ನೋಡಿ, ಸಾಲಿನ ಕೆಳಗೆ ಬೆರಳಿಟ್ಟು ಶುರು ಮಾಡಿದೆ. ಕೈ ನಡುಗಿದರೇನು ಗೆಳತಿ, ಬೆಟ್ಟ ನಡುಗುವುದಿಲ್ಲ. ನಿನ್ನ ಕುಂಚದಲ್ಲಿ ಏಳು ಸಮುದ್ರಗಳಿವೆ, ಎದ್ದು ಬರೆ, ಸೂರ್ಯ ನಿನಗಾಗಿ...

ಸೂರ್ಯನ ಹತ್ತಿರ ನನ್ನ ಬೆರಳು ನಿಂತಿತು. ಹೊನ್ನಮ್ಮ ಅದನ್ನು ಹಿಡಿದುಕೊಂಡಿದ್ದರು. ಅವರ ಕೈ ನಡುಗುತ್ತಿತ್ತು, ಹಿಡಿತ ಮಾತ್ರ ಬಿಗಿಯಾಗಿತ್ತು. ಶಾಲೆಯ ಹುಡುಗನ ಕೈ ಹಿಡಿದು ತಿದ್ದುವಂತೆ, ಅಡ್ಡ ಹೊರಟಿದ್ದ ಬೆರಳನ್ನು ತಿರುಗಿಸಿ, ಸಾಲಿನ ತುದಿಗಿಟ್ಟು, ಮೇಲಿಂದ ಕೆಳಕ್ಕೆ ಎಳೆದರು.

“ಜಪಾನಿ ಮೇಲಿಂದ ಕೆಳಕ್ಕೆ ಕಣಪ್ಪ. ಎರಡು ವರ್ಷ ಅವ್ಳ ಪಕ್ಕ ಕೂತು ಅವ್ಳ ಬೆರಳು ನೋಡಿವ್ನಿ. ನಿಂದು ಅಡ್ಡಕ್ಕೆ ಓಡ್ತದೆ. ಮೊದಲನೇ ದಿವ್ಸವೇ ಓಡ್ತು.”

ಮೊದಲನೆಯ ದಿನವೇ. ಲುಬ್ನಾ ಕಂಬಕ್ಕೆ ಒರಗಿ ನಿಂತು, ಹದಿನೆಂಟು ವರ್ಷದಲ್ಲಿ ಮೊದಲ ಸಲ, ಸದ್ದಿಲ್ಲದೆ ನಕ್ಕಳು. ಹಾಗಾದರೆ ಐದು ವಾರ ಯಾಕೆ ಕೇಳಿಸಿಕೊಂಡಿರಿ ಎಂದು ಕೇಳಿದೆ.

ಅವರು ತೊಡೆಯ ಮೇಲಿನ ನೋಟ್‌ಬುಕ್ ತೆರೆದು ನನ್ನ ಮುಂದೆ ಇಟ್ಟರು. ಟಿಪ್ಪಣಿ ಒಂದಕ್ಷರವೂ ಇರಲಿಲ್ಲ. ಪುಟ ಪುಟದ ಮೇಲೂ ಗೆರೆಗಳನ್ನು ದಾಟಿಕೊಂಡು ನನ್ನ ಕೈ. ನನ್ನ ಬೆರಳು. ಅಡ್ಡಕ್ಕೆ ಹೊರಟ ಬೆರಳು, ಹದಿಮೂರು ಮೆಟ್ಟಿಲಿನ ಹತ್ತಿರ ತಡವರಿಸಿ ನಿಂತ ಬೆರಳು, ಹಸಿರು ಬೆಟ್ಟದ ಮೇಲೆ ಗಡಿಬಿಡಿಯಿಂದ ಓಡುವ ಬೆರಳು. ಪ್ರತಿ ಗೆರೆಯೂ ನಡುಗಿತ್ತು, ನಡುಗಿದ್ದರಿಂದಲೇ ಬೆರಳು ಓಡುತ್ತಿತ್ತು.

“ಲಕ್ವ ಹೊಡೆದ್ಮೇಲೆ ಲೋಟ ಬರೆದ್ರೂ ನಡುಗ್ತಿತ್ತು, ಬಾಳೆಹಣ್ಣು ಬರೆದ್ರೂ ನಡುಗ್ತಿತ್ತು. ಸುಮ್ನೆ ನಿಂತಿರೋದು ನಡುಗಿದ್ರೆ ಚೆಂದಾಗಿರಲ್ಲ. ನೀನು ಸುಳ್ಳು ಹೇಳೋವಾಗ ನಿನ್ನ ಬೆರಳು ಒಂದ್ ಗಳಿಗೆ ಒಂದ್ಕಡೆ ನಿಲ್ಲಲ್ಲ. ಅದನ್ನ ಬರಿಯಕ್ಕೆ ಈ ಕೈಯೇ ಸರಿ. ಅದ್ಕೇ ಇನ್ನೊಂದ್ಸಲಿ ಓದು, ಇನ್ನೊಂದ್ಸಲಿ ಓದು ಅಂತಿದ್ದೆ.” ನೋಟ್‌ಬುಕ್ ಮುಚ್ಚಿದರು. “ಈಗ ಹೇಳು. ಆ ಯಜಮಾನ್ರು ಏನಂದ್ರು? ಅವ್ರು ಅಂದಿದ್ದನ್ನೇ ಹೇಳು, ನಿಂದು ಬೇಡ.”

ಹೇಳಿದೆ. ನನ್ನ ಬಾಯಿಯಿಂದ ಅಷ್ಟು ಚಿಕ್ಕ ಮಾತು ಅದುವರೆಗೆ ಹೊರಟಿರಲಿಲ್ಲ. ಗೆರೆ ಎಳೆದ ಸಾಲಿನಲ್ಲಿ ಚಿತ್ರಕಾರ, ‘ಇವತ್ತೂ ಏನೂ ಬರೆಯಲಿಲ್ಲ’ ಎನ್ನುತ್ತಾನೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ‘ನಾನೂ ಇಲ್ಲ. ಹೊನ್ನಮ್ಮನೂ ಇಲ್ಲ.’

ಹೊನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹೌದು, ಎರಡು ವರ್ಷದಲ್ಲಿ ಆ ಬೆಂಚಿನ ಮೇಲೆ ಇಬ್ಬರೂ ಒಂದು ಗೆರೆ ಎಳೆದವರಲ್ಲ ಎಂದರು. ಬಣ್ಣದ ಪೆಟ್ಟಿಗೆ ಬಿಚ್ಚುತ್ತಿದ್ದರು, ಕೂರುತ್ತಿದ್ದರು, ಬಿಸಿಲು ಬಂದ ಮೇಲೆ ಮುಚ್ಚಿಕೊಂಡು ಮೇಲೆ ಹೋಗುತ್ತಿದ್ದರು. ಅವಳು ಯಾಕೆ ಬರೆಯುವುದಿಲ್ಲ ಎಂದು ಇವರು ಕೇಳಲಿಲ್ಲ, ಇವರು ಯಾಕೆ ಎಂದು ಅವಳು ಕೇಳಲಿಲ್ಲ. ಸಿಂಗಪುರ ಮುಟ್ಟುವ ಚಿತ್ರಗಳ ಸಾಲು ನನ್ನ ಕಣ್ಣೆದುರೇ ಸುರುಳಿ ಸುತ್ತಿಕೊಂಡು ಮಾಯವಾಯಿತು.

ಆಮೇಲೆ ಚೀಲದಿಂದ ಡ್ರಾಯಿಂಗ್ ಕಾಗದ ತೆಗೆದು, ಹಲಗೆಗೆ ಕ್ಲಿಪ್ಪು ಹಾಕಿ, ನನಗೆ ಪುಸ್ತಕ ಹಿಡಿದು ಎದುರಿಗೆ ಕೂರಲು ಹೇಳಿದರು. ನನಗೆ ಗಾಬರಿಯಾಯಿತು. ಈ ಚಿತ್ರ ಒಸಾಕಾಕ್ಕೆ ಹೋಗುವುದು. ಅದನ್ನು ನೋಡಿದ ಜಪಾನಿನ ಮಗುವಿಗೂ, ಈ ಮನುಷ್ಯನಿಗೆ ಓದಲು ಬರುವುದಿಲ್ಲ ಎಂದು ತಿಳಿಯುತ್ತದೆ. ಬೆರಳನ್ನಾದರೂ ನೆಟ್ಟಗಿಡಲೇ ಎಂದು ಕೇಳಿದೆ.

“ಬೇಡ. ಅಡ್ಡವೇ ಇರ್ಲಿ,” ಎಂದರು. “ಅವ್ಳು ನಗ್ಬೇಕು.”

ಸುಮ್ಮನೆ ಕೂತರೆ ಬೆರಳು ಓಡುವುದಿಲ್ಲ, ಏನಾದರೂ ಹೇಳು ಎಂದರು. ಬಾಯಿ ತೆರೆದೆ. ಸುಳ್ಳು ಒಂದೂ ಬರಲಿಲ್ಲ. ಹಾಗಾಗಿ ಕೂತಲ್ಲಿಯೇ ಅವರಿಗೆ ಹೇಳಿದ್ದನ್ನು ನಿಮಗೂ ಹೇಳಿ ಮುಗಿಸುತ್ತೇನೆ. ನನಗೆ ಜಪಾನೀ ಬಾರದು. ಉರ್ದುವೂ ಅಷ್ಟಕ್ಕಷ್ಟೇ, ನಾಲ್ಕನೆಯ ಪಾಠಕ್ಕೆ ಮದರಸಾ ತಪ್ಪಿಸಿ ಮರದಡಿ ಆಡಲು ಹೋಗಿದ್ದೆ. ಆವತ್ತು ಇಲ್ಲ ಎನ್ನಲಾಗಲಿಲ್ಲ, ಅಷ್ಟೇ. ನನ್ನ ಮಾತಿಗೆ ಯಾರ ಮುಖವಾದರೂ ಹಾಗೆ ಬೆಳಗಿ ಬಹಳ ವರ್ಷವಾಗಿತ್ತು. ಸೈಬರ್‌ಜಯಾದಲ್ಲಿ ಅರ್ಧ ಏಷ್ಯಾವನ್ನು ಬೆವರಿಸುವ ಗುಂಡಿ ಯಾವುದೂ ಇಲ್ಲ, ಇದ್ದರೂ ನನ್ನ ಕೈಗೆ ಕೊಡುವುದಿಲ್ಲ. ತಿರುವುಗಳನ್ನು ನಾನು ಎಣಿಸಲಿಲ್ಲ. ಕುಕ್ಕರಿನ ಮೂರು ಸೀಟಿಯೂ ಸುಳ್ಳು. ನಮ್ಮ ಮನೆಯಲ್ಲಿ ಅನ್ನವಾಗುವುದು ಕರೆಂಟಿನ ಪಾತ್ರೆಯಲ್ಲಿ, ಅದು ಸೀಟಿ ಹೊಡೆಯುವುದೇ ಇಲ್ಲ.